ಬಾಳವ್ವನನ್ನು ಕೇಳದೆ ಹುಡುಕಿದ ಟ್ರಯಲ್

ನಾನು ಗೋಕಾಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಸಹಾಯಕ. ಇದು ಮೂರು ವರ್ಷದ ಹಿಂದಿನ ಮಾತು. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು ನಾನು. ಟೈಪಿಂಗ್ ಇಂದಿಗೂ ಒಂದೇ ಬೆರಳಿನದು. ಡಾಕ್ಟರು ಹೇಳಿದರೆ ಕ್ಯಾನ್ಸರ್ ರೋಗಿಗಳಿಗೆ ಹೊಂದುವ ಕ್ಲಿನಿಕಲ್ ಟ್ರಯಲ್ ಹುಡುಕುವುದೂ ನನ್ನ ಕೆಲಸ. ಟ್ರಯಲ್ ಅಂದರೆ, ಹೊಸ ಔಷಧ ಈಗಿರುವುದಕ್ಕಿಂತ ಮೇಲೋ ಅಲ್ಲವೋ ಎಂದು ಒಪ್ಪಿದ ರೋಗಿಗಳಲ್ಲಿ ನೋಡುವ ಪರೀಕ್ಷೆ.

ಮಮದಾಪುರದ ಕುರಿಗಾರರ ಮನೆಯ ಬಾಳವ್ವನಿಗೆ ಅನ್ನನಾಳದ ಕ್ಯಾನ್ಸರ್. ಆಪರೇಷನ್ ಮಾಡಲಾಗದಷ್ಟು ಬೆಳೆದಿತ್ತು. ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ವೆಬ್‌ಸೈಟಿನಲ್ಲಿ ಹುಡುಕಿದೆ. ಕೆಲವು ಮುಗಿದಿದ್ದವು, ಕೆಲವು ಬಹಳ ದೂರ. ಬೆಳಗಾವಿಯ ಒಂದು ಟ್ರಯಲ್ ಇನ್ನೂ ರೋಗಿಗಳನ್ನು ಸೇರಿಸಿಕೊಳ್ಳುತ್ತಿತ್ತು. ಫೋನ್ ಮಾಡಿದಾಗ ಅಲ್ಲಿಯವರು, ರೋಗದ ಹೆಸರು ರೋಗಿಗೆ ತಿಳಿದಿರಬೇಕು, ಒಪ್ಪಿಗೆ ಅವರದೇ ಇರಬೇಕು ಎಂದರು.

ಇದನ್ನು ತಿಳಿಸಿದಾಗ ಆಕೆಯ ಮಗ ಸಿದ್ದಪ್ಪ ನನ್ನನ್ನು ಹೊರಗೆ ಕರೆದುಕೊಂಡು ಹೋದ.

“ಅವ್ವಗ ಹುಣ್ಣು ಅಂತ ಹೇಳೇವ್ರಿ. ಕ್ಯಾನ್ಸರ್ ಅಂದ್ರ ಇವತ್ತ ಊಟಾ ಬಿಡ್ತಾಳ. ಸಹಿ ನಾ ಹಾಕ್ತೇನಿ, ನಡಸ್ರಿ.”

“ನಡಿಯಂಗಿಲ್ಲ ಸಿದ್ದಪ್ಪ. ಆಕಿಗೆ ಹೇಳಲಿಲ್ಲಂದ್ರ ಟ್ರಯಲ್ಲೂ ಇಲ್ಲ.”

“ನನ್ನ ಬಾಯಿಂದ ಆಗಂಗಿಲ್ಲ, ಡಾಕ್ಟರು ಹೇಳ್ಲಿ,” ಎಂದ ಅವನು. ಡಾಕ್ಟರು ತಾಯಿ ಮಗ ಇಬ್ಬರನ್ನೂ ಕೂಡಿಸಿಕೊಂಡು ಬಾಳವ್ವನಿಗೆ ನಿಧಾನವಾಗಿ ಹೇಳಿದರು. ಆಕೆ ಮಗನ ಕಡೆ ತಿರುಗಿದಳು.

“ಹುಣ್ಣಂತ ಹುಣ್ಣು! ಹುಣ್ಣಿಗೆ ಯಾರರ ತಾಟು ಬ್ಯಾರೆ ಇಡ್ತಾರೇನೋ? ರೋಗ ಬಂದ ಕುರೀನ ನಾವೂ ಹಂಗ ಬ್ಯಾರೆ ಕಟ್ತೇವಿ. ನಿನ್ನ ಹೆಂಡ್ತಿ ನನ್ನ ತಾಟು ಬ್ಯಾರೆ ಇಟ್ಟಾಗನ ತಿಳೀತು.”

ಒಂದೇ ತಟ್ಟೆಯಲ್ಲಿ ಉಂಡರೂ ಈ ರೋಗ ಅಂಟುವುದಿಲ್ಲ ಎಂದರು ಡಾಕ್ಟರು.

“ಕೇಳಿದ್ಯಾ ಸಿದ್ದ್ಯಾ? ಮನಿಗೆ ಹೋಗಿ ಆಕಿಗೂ ಹೇಳು.”

ನಾನು ಟ್ರಯಲ್ ವಿವರಿಸಿದೆ. ಒಂದು ಗುಂಪಿಗೆ ಮಾಮೂಲಿ ಔಷಧ, ಇನ್ನೊಂದಕ್ಕೆ ಅದರ ಜೊತೆ ಹೊಸದು.

“ನಾ ಯಾವ ಹಿಂಡಿಗೆ ಬೀಳ್ತೇನಿ, ಯಾರು ಆರಸ್ತಾರ?”

“ಕಂಪ್ಯೂಟರ್ ಯವ್ವಾ. ಡಾಕ್ಟರ ಕೈಯಾಗೂ ಇಲ್ಲ.”

“ನಡುವ ಬ್ಯಾಡ ಅನಿಸಿದ್ರ?”

“ಯಾವಾಗರ ಬಿಟ್ಟು ಬರಬಹುದು. ಮಾಮೂಲಿ ಔಷಧ ತಪ್ಪಂಗಿಲ್ಲ.”

“ಹಂಗಾದ್ರ ನಡೀರಿ.”

ಬೆಳಗಾವಿಯಲ್ಲಿ ಅವಳೇ ಸಹಿ ಹಾಕಿದಳು. ಆದರೆ ರಕ್ತಪರೀಕ್ಷೆಯಲ್ಲಿ ಕಿಡ್ನಿ ದುರ್ಬಲವೆಂದು ಬಂತು. ಟ್ರಯಲ್‌ನ ನಿಯಮಕ್ಕೆ ಹೊಂದಲಿಲ್ಲ. ಟ್ರಯಲ್‌ಗೆ ಸೇರದೆಯೇ ವಾಪಸಾದೆವು. ಬಸ್ಸಿನಲ್ಲಿ ಸಿದ್ದಪ್ಪ ನನ್ನ ಮೇಲೆ ಸಿಡುಕಿದ.

“ಅವ್ವಗ ಸುಮ್ಮನ ಹೇಳಸಿದ್ರಿ. ಸಿಕ್ಕಿದ್ದೇನು?”

ಬಾಳವ್ವ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ ಹೇಳಿದಳು: “ನಿನ್ನೆ ಸೊಸಿ ನನ್ನ ಬಾಜೂಕ ಕುಂತು ಉಂಡ್ಲು. ನೀ ಸುಮ್ಮನ ಕುಂದ್ರು. ಸಾಹೇಬ್ರ, ಇನ್ನೊಂದು ಹುಡಕ್ರಿ. ಈ ಸಲ ಮೊದ್ಲ ನನ್ನ ಕೇಳ್ರಿ.”

ಕಿಡ್ನಿಗೆ ತಕ್ಕಂತೆ ಮಾಮೂಲಿ ಔಷಧ ಶುರುವಾಯಿತು. ಹುಡುಕಾಟವೂ ನಡೆಯಿತು, ಆದರೆ ಆಕೆಗೆ ಹೊಂದುವ ಟ್ರಯಲ್ ಮತ್ತೆ ಸಿಗಲಿಲ್ಲ. ಬದುಕಿದ್ದಷ್ಟು ಕಾಲ ಪ್ರತಿ ಸಲವೂ ತನ್ನ ರಿಪೋರ್ಟನ್ನು ತಾನೇ ಕೇಳಿ ತಿಳಿದುಕೊಂಡಳು.

ಬಸ್ಸಿನಲ್ಲಿ ಆಕೆ ಹಾಗೆ ಹೇಳಿದಂದಿನಿಂದ ನನ್ನ ಮೇಜಿನ ಕಂಪ್ಯೂಟರ್ ಪರದೆ ಕುರ್ಚಿಯಲ್ಲಿ ಕೂತ ರೋಗಿಗೂ ಕಾಣುವಂತೆ ತಿರುಗಿದೆ. ನಾನು ಒಂದೊಂದೇ ಅಕ್ಷರ ಒತ್ತುತ್ತೇನೆ, ಅವರು ನೋಡುತ್ತಾರೆ.