ದಾನಮ್ಮ ಬಿಟ್ಟುಕೊಟ್ಟ ಜಾಗ

ಸೀವುಡ್ಸ್‌ನ ಶಾಪಿಂಗ್ ಮಾಲಿಗೆ ದಾನಮ್ಮ ಹೋದದ್ದು ಒಂದೇ ಸಲ. ಆ ಒಂದು ಸಲವೇ ಸಾಕಾಗಿಹೋಯಿತು. ಮಗ ಜೈಭೀಮ ಅಲ್ಲಿನ ಬೂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಿ.ಕಾಂ. ಪಾಸಾದವ, ಟೈ ಕಟ್ಟಿಕೊಂಡು ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುವವ. ಆ ಟೈಯ ದೆಸೆಯಿಂದ ಇಡೀ ಚಾಳಿನಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿದ್ದ ಹೆಂಗಸು, ಅಂಗಡಿಯ ಗಾಜಿನಾಚೆ ಕಂಡದ್ದಕ್ಕೆ ನಿಂತಲ್ಲೇ ಕಲ್ಲಾದಳು. ಮಗ ನೆಲಕ್ಕೆ ಮಂಡಿಯೂರಿ ಯಾವನದೋ ಪಾದ ಹಿಡಿದು ಬೂಟು ತೊಡಿಸುತ್ತಿದ್ದ. ಗಿರಾಕಿ ಫೋನಿನಿಂದ ಮುಖ ಸಹ ಎತ್ತಿರಲಿಲ್ಲ. ದಾನಮ್ಮ ಒಳಗೆ ಹೋಗದೆ ಹಾಗೇ ತಿರುಗಿ ಬಂದಳು.

ಮಗ ಮನೆಯೊಳಗೆ ಕಾಲಿಡುವುದೇ ತಡ, ಶುರು ಮಾಡಿದಳು. "ಮಂದಿ ಕಾಲ್ ಹಿಡ್ಯಾಕ ನಿನ್ನ ಕಾಲೇಜಿಗಿ ಕಳಿಸಿದ್ನೇನೋ?"

"ಅವ್ವಾ, ಅದು ಸೇಲ್ಸ್. ಇನ್ಸೆಂಟಿವ್ ಹಿಡಿದ್ರ ಪಗಾರ ಚಲೋ ಐತಿ. ಮುಂದ ಮ್ಯಾನೇಜರ್ ಮಾಡ್ತಾರಂತ. ತೂ ಟೆನ್ಶನ್ ಮತ್ ಲೇ."

ಪಕ್ಕದ ಖೋಲಿಯ ಶಂಕ್ರೆಪ್ಪ ತುರ್ಭೆಯ ಗೋಡೌನಿನಲ್ಲಿ ಮೂಟೆ ಹೊರುವವನು. ಕೇಳದಿದ್ದರೂ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಬಾಗಿಲಲ್ಲೇ ನಿಂತು ಹೇಳಿದ: "ಪಗಾರ ಹೆಚ್ಚಿದ್ದರ ಏನ್ ಬಂತೋ? ನಮ್ಮ ಸೇಟ್‌ಗ ಸಿಟ್ಟು ಬಂದ್ರ ಮರುದಿನ ಹೊಟ್ಟಿಗಿ ತಣ್ಣೀರ ಬಟ್ಟಿ. ದಾನವ್ವ, ನಿಂದು ಪರ್ಮನೆಂಟ್ ಜಾಗ ಐತಿ. ಅದನ್ನ ಇವನಿಗಿ ಕೊಡು."

ದಾನಮ್ಮನ ಜಾಗ ಪಾಲಿಕೆಯ ರಸ್ತೆ ಗುಡಿಸುವ ಜಾಗ. ಗಂಡ ಗುರುವಪ್ಪ ಅವಳನ್ನು ಸಿಂದಗಿ ಕಡೆಯಿಂದ ಕರೆತಂದಾಗ ಆ ಕೆಲಸ ಅವನದಾಗಿತ್ತು. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ವಾರಸುದಾರಳೆಂದು ಅವಳಿಗೆ ಬಂತು. ಬಂದ ದಿನದಿಂದ ಒಂದೇ ಹಟ: ಪೊರಕೆ ಮಗನ ಕೈಗೆ ಬರಬಾರದು. ಚಿಕ್ಕವನಿದ್ದಾಗ ಒಮ್ಮೆ ಆಟಕ್ಕೆಂದು ಅದರ ಬಿದಿರು ಹಿಡಿದವನಿಗೆ ಬೆನ್ನ ಮೇಲೆ ಬರೆ ಬರುವಂತೆ ಬಾರಿಸಿದ್ದಳು. ಮನೆಯ ಕಸವನ್ನೂ ಅವನಿಂದ ತೆಗೆಸಿದವಳಲ್ಲ.

ಹಾಗಾದರೆ ಶಂಕ್ರೆಪ್ಪನ ಮಾತು ಅವಳಿಗೆ ಯಾಕೆ ರುಚಿಸಿತು? ಅವಳದೇ ಒಂದು ತರ್ಕವಿತ್ತು. ತಾನು ಅಕ್ಷರ ಬಾರದವಳು, ಅದಕ್ಕೇ ಪೊರಕೆ ಕೊಟ್ಟರು. ಮಗ ಓದಿದವನು, ಅವನಿಗೆ ಕುರ್ಚಿ ಕೊಡುತ್ತಾರೆ. ಇಷ್ಟು ಸರಳ! ಚಾಳಿನ ಹೆಂಗಸರೂ ಹೌದು ಹೌದು ಎಂದರು. ಕಚೇರಿಗೆ ಹೋಗಿ ಒಂದು ಮಾತು ಕೇಳೋಣವೆಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವಳ ಮೊಣಕಾಲೂ ಕೈಕೊಟ್ಟಿತ್ತು. ಜಾಗ ಮಗನಿಗೆ ಕೊಡಿ ಎಂದು ನಿವೃತ್ತಿ ಕೇಳಿ ಹೆಬ್ಬೆಟ್ಟು ಒತ್ತಿದಳು. ಕುಣಿದಾಡುತ್ತಾನೆ ಎಂದು ಅವಳು ಅಂದುಕೊಂಡಿದ್ದ ಮಗ ತುಟಿ ಪಿಟಕ್ಕೆನ್ನದೆ ಬೂಟಿನಂಗಡಿ ಬಿಟ್ಟ. ಅಷ್ಟು ಸಲೀಸಾಗಿ ಒಪ್ಪಿದ್ದೇ ಅನುಮಾನ ತರಿಸಬೇಕಿತ್ತು, ಆದರೆ ಖುಷಿಯಲ್ಲಿದ್ದವಳಿಗೆ ಅನುಮಾನ ಎಲ್ಲಿಂದ ಬರಬೇಕು?

ನೇಮಕದ ಆರ್ಡರ್ ಬಂದ ಮೇಲೆ ಮೊದಲ ದಿನ ತಾನೂ ಹೊಸ ಸೀರೆಯುಟ್ಟು ಹೊರಟಳು. "ಟೈ ಕಟ್ಕೋ, ಆಫೀಸದು," ಎಂದಳು. ಅವನು ಕಟ್ಟಿಕೊಂಡ. ತಾನು ಇಷ್ಟು ವರ್ಷ ಹಾಜರಿ ಹಾಕಿದ ಚೌಕಿಗೇ ಅವನಿಗೂ ಬರಹೇಳಿದ್ದರು. ಮೊದಲು ಹಾಜರಿ, ಆಮೇಲೆ ಆಫೀಸು ಇರಬೇಕು ಎಂದು ಸಮಾಧಾನ ಮಾಡಿಕೊಂಡಳು.

ಗುಡಿಸುವವರ ಮೇಲಿನ ಮುಕಾದಮ ಮುರಾರಿ ಹೆಸರು ಕೂಗಿದ. ಜೈಭೀಮನ ಹೆಸರಲ್ಲ, "ದಾನಮ್ಮಾಚಿ ಜಾಗಾ" ಎಂದು. ಜೈಭೀಮ ಮುಂದೆ ಹೋದ. ಮುರಾರಿ ಅವನ ಟೈ ನೋಡಿದ, ನಗಲಿಲ್ಲ. "ಬೂಟ್ ನಂಬರ್ ಕಿತೀ?" ಎಂದು ಅಳತೆ ಕೇಳಿ, ಒಳಗಿನಿಂದ ಒಂದು ಜೊತೆ ಗಮ್‌ಬೂಟು, ಉದ್ದ ಹಿಡಿಯ ಪೊರಕೆ ತಂದಿಟ್ಟ.

ದಾನಮ್ಮ ನಡುವೆ ನುಗ್ಗಿದಳು. "ಸಾಹೇಬ್, ಪೋರ್ಗಾ ಬಿ.ಕಾಂ. ಶಿಕ್ಲಾಯ್!" ಹುಡುಗ ಬಿ.ಕಾಂ. ಓದಿದವನು ಎಂದು ಚೀರಿದಳು.

"ಬಾಯಿ, ಝಾಡೂಚ್ಯಾ ಜಾಗೇವರ್ ಝಾಡೂಚ್ ಮಿಳ್ತೇ," ಎಂದ ಮುರಾರಿ. ಪೊರಕೆಯ ಜಾಗಕ್ಕೆ ಪೊರಕೆಯೇ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ಚೌಕಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಜೈಭೀಮ ಟೈ ಬಿಚ್ಚಿ, ಮಡಿಚಿ, ಅವಳ ಕೈಗಿಟ್ಟ. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿನಗ... ಮೊದಲ ಗೊತ್ತಿತ್ತೇನೋ?"

"ಗೊತ್ತಿತ್ತವ್ವ. ಆಫೀಸಿಗಿ ಹೋಗಿ ಕೇಳ್ಕೊಂಡ ಬಂದಿದ್ದೆ."

"ಮತ್ತ ಯಾಕ ಹೇಳ್ಲಿಲ್ಲೋ, ನನ್ನಪ್ಪಾ!"

"ಹೇಳಿದ್ರ ನೀ ಜಾಗಾ ಬಿಡ್ತಿದ್ದಿಲ್ಲ. ಆ ಕಾಲ್ ಎಳ್ಕೊಂಡ ಗುಡಸ್ಕೋತ ಇರ್ತಿದ್ದಿ." ಮಂಡಿಯೂರಿ ಗಮ್‌ಬೂಟಿಗೆ ಕಾಲು ತೂರಿಸುತ್ತ ಮೆಲ್ಲಗೆ ಮುಂದುವರಿಸಿದ. "ಅಂಗಡಿಯಾಗ ಮೂವತ್ತೈದು ದಾಟಿದವರು ಒಬ್ಬರೂ ಇಲ್ಲವ್ವ. ತಲಿ ಬೆಳ್ಳಗಾದ್ರ ಮನಿಗಿ ಕಳಸ್ತಾರ. ಇಲ್ಲಿ ಹಂಗ ಕಳ್ಸಾಂಗಿಲ್ಲ."

ದಾನಮ್ಮನಿಗೆ ಸಿಟ್ಟು ಯಾರ ಮೇಲೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ: ಮುರಾರಿಯ ಮೇಲೋ, ಶಂಕ್ರೆಪ್ಪನ ಮೇಲೋ, ಹೆಬ್ಬೆಟ್ಟು ಒತ್ತಿದ ತನ್ನ ಕೈಯ ಮೇಲೋ.

ಜೈಭೀಮ ಅವಳದೇ ರಸ್ತೆಗಿಳಿದು ಗುಡಿಸತೊಡಗಿದ. ಪೊರಕೆಯನ್ನು ಎಂದೂ ಮುಟ್ಟಗೊಡದೆ ಬೆಳೆಸಿದ ಮಗ. ಖಾಡಿಯ ನೀರಿನ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ನಿಂತಿದ್ದ. ಧೂಳೆಲ್ಲ ಅವನ ಕಣ್ಣು, ಬಾಯಿಗೇ ನುಗ್ಗಿ ಕೆಮ್ಮು ಒತ್ತರಿಸಿ ಬಂತು.

"ಗಾಳಿಗಿ ಬೆನ್ನ ಕೊಟ್ಟು ಗುಡಸೋ!"

ಕೂಗಿದ್ದು ತಾನೇ ಎಂದು ದಾನಮ್ಮನಿಗೆ ಗೊತ್ತಾದದ್ದು ಮಗ ತಿರುಗಿ ನೋಡಿದಾಗ. ಟೈಯನ್ನು ಬಾಯಿಗೊತ್ತಿಕೊಂಡಳು. ಆಡಿದ ಮಾತು ಹೊರಗೆ ಬಿದ್ದಾಗಿತ್ತು. ಅವನು ಹೌದೆಂಬಂತೆ ತಲೆಯಾಡಿಸಿ, ಅವಳು ಹೇಳಿದಂತೆಯೇ ಬೆನ್ನು ತಿರುಗಿಸಿ ನಿಂತ.