ಗುಟ್ಟಿನ ಡಬ್ಬಿಗೆ ಆಯುಧಪೂಜೆ

ಪುತ್ತೂರಿನಲ್ಲಿ ಒಂದು ಗುಟ್ಟು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಡ್ರೈವಿಂಗ್ ಸ್ಕೂಲ್ ನಡೆಸಬೇಕು. ನಾನು ದರ್ಬೆಯ ಹತ್ತಿರ ಅದನ್ನು ನಡೆಸುತ್ತಲೇ ತಲೆ ನರೆಸಿಕೊಂಡವಳು. ಪಕ್ಕದ ಸೀಟಿನಲ್ಲಿ ಕುಳಿತು, ನನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಬೆಟ್ಟಂಪಾಡಿ ರಸ್ತೆಯ ತಿರುವುಗಳಲ್ಲಿ ನಾನು ಕೇಳಿದ ಸಂಸಾರದ ಕಥೆಗಳಿಗೆ ಲೆಕ್ಕವಿಲ್ಲ. ಸ್ಟೇರಿಂಗ್ ಹಿಡಿದವರಿಗೆ ಹೆದರಿಕೆಯಾದರೆ ಬಾಯಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ನನಗೆ ಸಿಟ್ಟು ಬೇಗ, ಬಾಯಿಯೂ ಜೋರು. ಆದರೆ ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವ ಚಾಳಿ ಮಾತ್ರ ಇಲ್ಲ. ಈ ಒಂದು ಗುಣವನ್ನು ನೆಚ್ಚಿಕೊಂಡೇ ಅವಳು ನನ್ನ ಬಳಿ ಬಂದದ್ದು.

ಅವಳೆಂದರೆ ನನ್ನ ಹಳೆಯ ವಿದ್ಯಾರ್ಥಿನಿ. ತವರು ಕಡಬ, ಕೊಟ್ಟದ್ದು ಸುಳ್ಯಕ್ಕೆ, ಗಂಡ ಗಲ್ಫಿನಲ್ಲಿ. ಮೆಹಂದಿಯ ಚಿತ್ತಾರಗಳನ್ನು ಟ್ಯಾಬಿನಲ್ಲಿ ಬರೆದು ಹೊರದೇಶದ ಗಿರಾಕಿಗಳಿಗೆ ಮಾರುತ್ತಾಳೆ. ಅವರಲ್ಲೊಬ್ಬಳು ಬಿಟ್‌ಕಾಯಿನ್‌ನಲ್ಲೇ ಸಂದಾಯ ಮಾಡುವವಳು. ಅದನ್ನು ಮುಟ್ಟದೆ ಇಟ್ಟಿದ್ದೇನೆ, ಅದರಲ್ಲಿ ಒಂದು ಕಾರು ತೆಗೆಯಬೇಕು, ಯಾರಿಗೂ ಗೊತ್ತಾಗಬಾರದು ಎಂದಳು. ಮನೆಯಲ್ಲಿ ಬೇಡ ಅನ್ನುತ್ತಾರೇನೋ ಎಂದುಕೊಂಡು ನಾನು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ತಯಾರಾಗಿದ್ದೆ. ಅವಳು ನಕ್ಕಳು.

ಅವಳ ಮನೆಯವರು ಬೇಡ ಎನ್ನುವವರಲ್ಲವಂತೆ. ಬೇಕು ಎನ್ನುವವರಂತೆ, ಅದೇ ಉಪದ್ರ. ಹಿಂದೆ ಒಮ್ಮೆ ಊಟಕ್ಕೆ ಕುಳಿತಾಗ ಹೊಲಿಗೆ ಮೆಷಿನ್ ಬೇಕಿತ್ತು ಎಂದು ಬಾಯಿ ತಪ್ಪಿ ಹೇಳಿದ್ದಳು. ಮಾತು ಸಂಜೆಯೊಳಗೆ ಗಲ್ಫ್ ಮುಟ್ಟಿತು. ಭಾವಂದಿರು, ಓರಗಿತ್ತಿಯರು, ಮಸ್ಕತ್ತಿನಲ್ಲಿರುವ ಮಾವ, ಆ ಮಾವನ ರೂಮಿನಲ್ಲಿರುವ ಯಾರೋ ಒಬ್ಬ ಪುಣ್ಯಾತ್ಮ, ಎಲ್ಲರೂ ಸೇರಿ ಚರ್ಚೆ ಮಾಡಿ ಒಂದು ಮೆಷಿನ್ ತರಿಸಿಕೊಟ್ಟರು. ಅವಳು ಕೇಳದ ಬಣ್ಣ, ಅವಳ ಕೋಣೆಯ ಬಾಗಿಲಲ್ಲಿ ಹಿಡಿಸದ ಗಾತ್ರ. ಪ್ರೀತಿಯಿಂದಲೇ ಕೊಟ್ಟದ್ದು, ಹಾಗಾಗಿ ಸಿಟ್ಟು ಮಾಡಲೂ ಆಗಲಿಲ್ಲ. ಇಂಥ ಸುದ್ದಿಗಳಿಗೆಲ್ಲ ಹೆಡ್ ಆಫೀಸು ಅವಳ ಅತ್ತೆ, ಅವಳು ಉಮ್ಮ ಎಂದು ಕರೆಯುವ ಹಿರಿಯ ಜೀವ. ಸೊಸೆಯ ಮೇಲೆ ಅವರಿಗೆ ಎಷ್ಟು ಹೆಮ್ಮೆಯೆಂದರೆ, ಸೊಸೆ ಮಾಡಿದ ಒಂದು ಪತ್ತಿರಿ ರೊಟ್ಟಿಯ ಸುದ್ದಿಯೂ ಅವರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಈ ಒಂದು ಕಾರು ಮಾತ್ರ ನಾನೇ ತೆಗೀಬೇಕು ಅಕ್ಕ" ಎಂದಳು. "ಬಣ್ಣ ಸಹ ನಾನೇ ನೋಡುದು."

ನನಗೆ ಅಳುವಷ್ಟು ಖುಷಿಯಾಯಿತು. ನನ್ನ ಮದುವೆಯ ಸೀರೆಯ ಬಣ್ಣವನ್ನು ಮರ್ಕಂಜದ ದೊಡ್ಡಪ್ಪ ಆರಿಸಿದ್ದು. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತೆರಿಗೆ ಸರಿಯಾಗಿ ಕಟ್ಟುತ್ತೀಯಾ ಎಂದು ಮೊದಲು ವಿಚಾರಿಸಿದೆ. ಮಂಗಳೂರಿನ ಆಡಿಟರ್ ನೋಡಿಕೊಳ್ಳುತ್ತಾರೆ ಎಂದಳು. ಸರಕಾರಕ್ಕೆ ಗೊತ್ತಾದರೆ ಅವಳಿಗೇನೂ ಇಲ್ಲ, ಸುಳ್ಯಕ್ಕೆ ಗೊತ್ತಾಗಬಾರದು, ಅಷ್ಟೆ. ಮತ್ತೆ ನನ್ನಿಂದ ಏನಾಗಬೇಕು ಎಂದರೆ, ನಿಮ್ಮ ಆಫೀಸಿನಲ್ಲಿ ಒಂದು ನೋಡ್ ಇಡಬೇಕು ಎಂದಳು. ಕೈನೆಟಿಕ್ ಸ್ಕೂಟರಿನ ಕಾಲದವಳಾದ ನನಗೆ ನೋಡ್ ಎಂದರೆ ಏನು ಎಂದು ಅವಳು ಬನ್ಸ್ ತಿನ್ನುತ್ತಾ ವಿವರಿಸಿದಳು. ಬಿಟ್‌ಕಾಯಿನ್‌ನ ವಹಿವಾಟೆಲ್ಲ ಲೋಕದ ತುಂಬ ಇರುವ ಸಾವಿರಾರು ಕಂಪ್ಯೂಟರುಗಳಲ್ಲಿ ಪ್ರತಿಯಾಗಿ ಕುಳಿತಿರುತ್ತದೆ. ಅಂಥ ಒಂದೊಂದು ಕಂಪ್ಯೂಟರೂ ಒಂದು ನೋಡ್. ಅವಳ ಫೋನಿನಲ್ಲಿರುವ ಆ್ಯಪಿಗೆ ಸ್ವಂತ ನೋಡ್ ಇಲ್ಲ. ತೆರೆದಾಗಲೆಲ್ಲ ಅದು ಯಾವುದೋ ಕಂಪೆನಿಯ ನೋಡಿಗೆ ಹೋಗಿ, ಇವಳದ್ದು ಏನು ಬಂತು, ಎಷ್ಟು ಉಂಟು ಎಂದು ಕೇಳುತ್ತದೆ. ಉತ್ತರ ಹೇಳುವವನಿಗೆ ಇವಳ ಗಂಟು ಎಷ್ಟೆಂದು ಗೊತ್ತಾಗಿಯೇ ಆಗುತ್ತದೆ. ಮನೆಯವರ ಕಣ್ಣನ್ನೇ ತಪ್ಪಿಸುವವಳು ಗುರುತಿಲ್ಲದವರ ಕಣ್ಣಿಗೆ ಯಾಕೆ ಬೀಳಬೇಕು ಎನ್ನುವುದು ಅವಳ ತರ್ಕ. ನನಗೆ ಅದು ಥಟ್ಟನೆ ಹಿಡಿಸಿತು.

ಆದರೆ ಎಲ್ಲಿ ಇಡುವುದು, ಹೇಗೆ ನಡೆಸುವುದು? ಆ ಮಧ್ಯಾಹ್ನ ನಾವಿಬ್ಬರೂ ಕಳ್ಳರ ಹಾಗೆ ಬಾಗಿಲು ಅರ್ಧ ಮುಚ್ಚಿಕೊಂಡು ಯೋಚಿಸಿದೆವು. ನೆಟ್ಟಿನಲ್ಲಿ ಬಾಡಿಗೆಗೆ ಕಂಪ್ಯೂಟರ್ ಸಿಗುತ್ತದಂತೆ, ಡಬ್ಬಿ ತರುವ ರಗಳೆಯೇ ಇಲ್ಲ. ಆದರೆ ಅದಕ್ಕೆ ಹೆಸರು, ಕಾರ್ಡು ಎಲ್ಲ ಕೊಡಬೇಕು, ಮೇಲಿಂದ ಯಂತ್ರ ಬಾಡಿಗೆಗೆ ಕೊಟ್ಟವನದ್ದೇ. ಬಾಡಿಗೆ ಮನೆಯ ಓನರ್ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಚ್ಚಲು ನೋಡಿಹೋದದ್ದು ನನಗೆ ನೆನಪಾಗಿ, ಅದು ಬೇಡವೇ ಬೇಡ ಎಂದೆ. ಸುಳ್ಯದ ಮನೆಯಲ್ಲಿ ಇಟ್ಟರೆ, ವೈಫೈ ನೋಡಿಕೊಳ್ಳುವುದು ಮೈದುನ. ಗಲ್ಫಿನಿಂದ ಬಂದ ವೀಡಿಯೊ ಕಾಲಿನಲ್ಲಿ ಗಂಡನ ಮುಖ ಒಮ್ಮೆ ಕಲ್ಲಾಗಿ ನಿಂತರೂ ಸಾಕು, ಅವನು ವಯರು ಹಿಡಿದುಕೊಂಡು ಹುಡುಕುತ್ತಾ ಬರುತ್ತಾನೆ. ಕಡಬದ ತವರಿನಲ್ಲಿ ಅಪ್ಪನ ಅಂಗಡಿ ಉಂಟು, ಆದರೆ ಅಲ್ಲಿ ಐಸ್‌ಕ್ರೀಮಿನ ಫ್ರೀಜರ್ ಶುರುವಾದರೆ ಬಾಕಿ ಎಲ್ಲ ಆರಿ ಹೋಗುತ್ತದೆ. ಉಳಿದದ್ದು ನನ್ನ ಆಫೀಸು.

ನನ್ನ ಆಫೀಸಿನಲ್ಲೂ ಒಂದು ತೊಡಕಿತ್ತು. ಇಂಟರ್ನೆಟ್ ನನ್ನ ಹೆಸರಿನಲ್ಲಿ. ಸುಮ್ಮನೆ ಡಬ್ಬಿ ಹಚ್ಚಿದರೆ ಲೈನ್ ಕೊಟ್ಟವರಿಗೆ ಇಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ, ಲೋಕದ ಉಳಿದ ನೋಡುಗಳಿಗೆ ನನ್ನ ಲೈನಿನ ವಿಳಾಸ ಕಾಣುತ್ತದೆ. ಅದಕ್ಕೆ ಟಾರ್ ಎಂಬ ದಾರಿಯಲ್ಲಿ ಕಳಿಸುವುದು ಎಂದಳು. ಅದು ನನಗೆ ಅರ್ಥವಾದದ್ದು ಬಸ್ಸಿನ ಪೊಟ್ಟಣದಿಂದ. ನಮ್ಮಲ್ಲಿ ಸುಬ್ರಹ್ಮಣ್ಯಕ್ಕೆ ಏನಾದರೂ ಕಳಿಸಬೇಕಾದರೆ ಕಂಡಕ್ಟರನ ಕೈಯಲ್ಲಿ ಕೊಡುವುದು ವಾಡಿಕೆ. ಅವನು ಕಡಬದಲ್ಲಿ ಇನ್ನೊಂದು ಬಸ್ಸಿನವನಿಗೆ ಕೊಡುತ್ತಾನೆ, ಆ ಬಸ್ಸಿನವನು ಯಾವುದೋ ಅಂಗಡಿಯಲ್ಲಿಟ್ಟು ಹೋಗುತ್ತಾನೆ. ಕಳಿಸಿದವರು ಯಾರು, ಮುಟ್ಟುವುದು ಯಾರಿಗೆ ಎಂದು ಎರಡೂ ಗೊತ್ತಿರುವವರು ನಡುವೆ ಒಬ್ಬರೂ ಇರುವುದಿಲ್ಲ. ಟಾರ್ ಹಾಗೆಯೇ. ಡಬ್ಬಿ ಟಾರ್ ಬಳಸುತ್ತಿದೆ ಎಂದು ಲೈನಿನವರಿಗೆ ತಿಳಿದೀತು, ಒಳಗೆ ಏನು ಹೋಗುತ್ತಿದೆ ಎಂದು ತಿಳಿಯದು. ನಿಧಾನ ಮಾತ್ರ ಹೌದು. ಪೊಟ್ಟಣವೂ ಹಾಗೇ ತಾನೆ.

ಮತ್ತೊಂದು ಪ್ರಶ್ನೆ ಎದ್ದಿತು. ಹಳೆಯ ವಹಿವಾಟನ್ನು ಪರೀಕ್ಷಿಸಿ ಅಳಿಸಿಬಿಟ್ಟು, ಇತ್ತೀಚಿನದ್ದನ್ನು ಮಾತ್ರ ಇಟ್ಟುಕೊಳ್ಳುವ ಸಣ್ಣ ನೋಡೂ ಉಂಟಂತೆ, ಡಿಸ್ಕಿಗೆ ಭಾರ ಕಡಿಮೆ. ಆದರೆ ಅವಳ ಫೋನು ಸುಳ್ಯದಿಂದ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳಬೇಕಾದರೆ ಇಡೀ ಪುರಾಣ ಡಬ್ಬಿಯೊಳಗೇ ಇದ್ದರೆ ಒಳ್ಳೆಯದು ಎಂದಳು. ಇರಲಿ ಮಾರಾಯ್ತಿ, ಪೂರ್ತಿಯೇ ಇರಲಿ ಎಂದೆ, ನನ್ನದೇ ಗಂಟು ಬಿಚ್ಚುವವಳ ಹಾಗೆ.

ಡಬ್ಬಿ ಬಂತು. ಬಟ್ಟೆ ಸೋಪಿನ ಎರಡು ಬಾರನ್ನು ಜೋಡಿಸಿಟ್ಟಷ್ಟು ಉದ್ದಗಲ. ಅದನ್ನು ಕಬ್ಬಿಣದ ಕಪಾಟಿನಲ್ಲಿ ಎಲ್ ಬೋರ್ಡುಗಳ ಹಿಂದೆ ಇಟ್ಟು, ಹಿಂಬದಿಯ ತೂತಿನಿಂದ ವಯರು ಎಳೆದು, ಯುಪಿಎಸ್‌ಗೆ ಸಿಕ್ಕಿಸಿದೆವು. ಹಳೆಯ ವಹಿವಾಟೆಲ್ಲ ಇಳಿಯುವುದಕ್ಕೆ ಅದು ತೆಗೆದುಕೊಂಡ ದಿನಗಳಿಗೆ ಲೆಕ್ಕವಿಲ್ಲ. ನಾನು ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಚ್ಚುವ ಮೊದಲು ಶೇಕಡಾ ಎಷ್ಟಾಯಿತು ಎಂದು ಕಪಾಟು ತೆರೆದು ನೋಡುವುದು, ಅವಳಿಗೆ "ಗೇರು ಬಿತ್ತು" ಎಂದು ಮೆಸೇಜು ಹಾಕುವುದು. ಕೊನೆಗೊಂದು ದಿನ ಪೂರ್ತಿ ಇಳಿದು, ಅವಳ ಫೋನಿಗೆ ನಮ್ಮ ಕಪಾಟೇ ಉತ್ತರ ಕೊಟ್ಟಾಗ ನಾವಿಬ್ಬರೂ ಕೈ ಕೈ ಹಿಡಿದು ಆಫೀಸಿನ ನಡುವೆ ಕುಣಿದೆವು. ಕ್ಲಾಸಿಗೆ ಬಂದ ಒಬ್ಬರು ಮೇಷ್ಟ್ರು ಬಾಗಿಲಲ್ಲೇ ನಿಂತು, ತಪ್ಪು ಜಾಗಕ್ಕೆ ಬಂದೆನೋ ಎಂದು ಬೋರ್ಡು ಓದಿದರು.

ನನ್ನ ಗಂಡನಿಗೆ ಅದು ಸಿಸಿಟಿವಿಯ ಡಬ್ಬಿ ಎಂದು ಹೇಳಿದ್ದೆ. ಕ್ಯಾಮರಾ ಎಲ್ಲಿ ಎಂದರು. ಕಾಣುವ ಹಾಗೆ ಇಟ್ಟರೆ ಅದೆಂಥ ಕ್ಯಾಮರಾ ಎಂದು ಗದರಿಸಿದೆ. ಇವರು ಪಾಪ ಅದನ್ನು ನಂಬಿ ಚಹಾದಂಗಡಿಯಲ್ಲಿ ಹೇಳಿದರು. ಡ್ರೈವಿಂಗ್ ಸ್ಕೂಲಿನವರು ಕಾರಿನಲ್ಲೂ ಕಾಣದ ಕ್ಯಾಮರಾ ಇಟ್ಟಿದ್ದಾರೆ, ಟೆಸ್ಟಿನ ದಿನ ಎಲ್ಲ ತೋರಿಸುತ್ತಾರೆ ಎಂದು ಊರೆಲ್ಲ ಹಬ್ಬಿತು. ಎಷ್ಟು ಬೈದರೂ ಇಂಡಿಕೇಟರ್ ಹಾಕದವರು, ಎದುರಿಗೆ ಒಂದು ಕೋಳಿ ಬಂದರೂ ಇಂಡಿಕೇಟರ್ ಹಾಕತೊಡಗಿದರು.

ಅವಳು ಮಂಗಳವಾರಗಳಂದು ಸುಳ್ಯದಿಂದ ಬರುತ್ತಿದ್ದಳು. ಫೋನಿನಲ್ಲೇ ಎಲ್ಲ ಕಾಣುತ್ತಿದ್ದರೂ ಡಬ್ಬಿಯ ಮುಖ ನೋಡದೆ ಅವಳಿಗೆ ಸಮಾಧಾನವಿಲ್ಲ. ಮನೆಯಲ್ಲಿ ರಿವರ್ಸ್ ಕಲಿಯುವುದಕ್ಕೆ ಎಂದು ಹೇಳಿ ಬರುವುದು. ಇಷ್ಟು ಭದ್ರವಾದ ಕೋಟೆ ಇನ್ನೊಂದಿಲ್ಲ ಎಂದು ನಾವಿಬ್ಬರೂ ಬೀಗುತ್ತಿದ್ದೆವು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಸ್ಕೂಲಿನ ದೊಡ್ಡ ಹಬ್ಬ ಅದೇ. ಹಳೆಯ ಹೊಸ ವಿದ್ಯಾರ್ಥಿಗಳು ಜಾತಿ ಮತ ಎನ್ನದೆ ಬಂದು ಅವಲಕ್ಕಿ, ಪಂಚಕಜ್ಜಾಯ ತಿಂದು ಹೋಗುತ್ತಾರೆ. ಪೂಜೆಯ ಉಸ್ತುವಾರಿ ನನ್ನ ಗಂಡನದ್ದು. ಒಂದು ಯಂತ್ರವನ್ನು ಬಿಟ್ಟರೂ ಅದು ವರ್ಷವಿಡೀ ಕೈಕೊಡುತ್ತದೆ ಎಂದು ನಂಬಿದವರು ಅವರು. ಜಾಕು, ಸ್ಪಾನರು, ಗಾಳಿ ಹಾಕುವ ಪಂಪು, ಮನೆಯ ಮಿಕ್ಸಿ ಸಮೇತ ಸಾಲಾಗಿ ಇಡುತ್ತಾರೆ. ನಾನು ಕಾರುಗಳಿಗೆ ಹೂವು ಕಟ್ಟಿ ಒಳಗೆ ಬಂದು ನೋಡುತ್ತೇನೆ, ಕಪಾಟು ಹಾರುಹೊಡೆದಿದೆ. ಎಲ್ ಬೋರ್ಡುಗಳೆಲ್ಲ ಕೆಳಗೆ. ಡಬ್ಬಿಯ ವಯರು ತೆಗೆಯಬಾರದು ಎಂದು ನಾನೇ ಒಮ್ಮೆ ಕಣ್ಣು ಕೆಂಪು ಮಾಡಿ ಹೇಳಿದ್ದೆನಲ್ಲ, ಇವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ವಯರು ಗಿಡ್ಡ, ಡಬ್ಬಿ ಸಾಲಿನವರೆಗೆ ಬಾರದು, ಆದ್ದರಿಂದ ಸಾಲನ್ನೇ ಡಬ್ಬಿಯ ಹತ್ತಿರಕ್ಕೆ ತಂದಿದ್ದರು. ನಡುವೆ ಸ್ಟೂಲಿನ ಮೇಲೆ ಹಸಿರು ದೀಪ ಮಿಣುಕಿಸುತ್ತಾ ನಮ್ಮ ಗುಟ್ಟು, ಮೈಮೇಲೆ ಗಂಧ, ಕುಂಕುಮ, ಸೇವಂತಿಗೆ. ಅದರ ಎಡಬಲಕ್ಕೆ ಜಾಕು ಮಿಕ್ಸಿಗಳು ಪರಿವಾರದ ಹಾಗೆ. ಬಂದವರೆಲ್ಲ ಕೈಮುಗಿಯುವುದು ಅದಕ್ಕೇ.

ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೇ ತಡೆಯಲಾರದ ನಗು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಕೆಮ್ಮುತ್ತಾರೆ. ನಾನು ಕೆಮ್ಮುತ್ತಿರುವಾಗಲೇ ಅವಳು ಬಂದಳು, ಹಿಂದೆಯೇ ಉಮ್ಮ. ಟೀಚರನ್ನು ನೋಡಿಯೇ ಇಲ್ಲ, ಈ ಸಲ ನಾನೂ ಬರುತ್ತೇನೆ ಎಂದು ಹಟ ಹಿಡಿದರಂತೆ. ಡಬ್ಬಿ ಕಂಡದ್ದೇ ಅವಳ ಮುಖ ಬೂದಿಯಾಯಿತು. ಹೊರಗೆ ಕುಂಬಳಕಾಯಿ ಒಡೆಯುವ ಗೌಜಿ ಶುರುವಾದಾಗ ಯಾರೋ ಅವಳನ್ನು ಕೈ ಹಿಡಿದು ಎಳೆದುಕೊಂಡು ಹೋದರು. ಒಳಗೆ ಉಳಿದದ್ದು ಉಮ್ಮ, ನಾನು, ಡಬ್ಬಿ.

ಉಮ್ಮ ಕುರ್ಚಿ ಎಳೆದು ಅದರ ಎದುರಿಗೇ ಕುಳಿತರು. ಸಿಸಿಟಿವಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಲೈಸನ್ಸ್ ಸಿಕ್ಕಿ ಎಷ್ಟು ಕಾಲ ಆಯ್ತು, ಇನ್ನೂ ರಿವರ್ಸ್ ಕಲಿಯುದಾ ಟೀಚರೇ? ಕಾರು ತೆಗಿಲಿಕ್ಕೆ ಅಂತ ನನಗೆ ಯಾವಾಗಲೋ ಗೊತ್ತಾಗಿದೆ. ಇದೆಂತ ಡಬ್ಬಿ ಅಂತ ಗೊತ್ತಿಲ್ಲ, ಬೇಡ ಸಹ. ಅವಳದ್ದು ಅಂತ ಅವಳ ಮುಖ ನೋಡಿದ್ರೆ ಗೊತ್ತಾಗ್ತದೆ."

ಟಾರಿನ ಕಂಡಕ್ಟರುಗಳ ಕೈ ದಾಟಿಸಿ ಅಡಗಿಸಿದ ಗುಟ್ಟನ್ನು ಮಂಗಳವಾರದ ಸುಳ್ಯ ಬಸ್ಸು ಹೊತ್ತುಕೊಂಡು ತಿರುಗುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೆಲ್ಲ ಗೊತ್ತು ಎಂದು ಕೇಳಿದೆ. ಯಾರಿಗೂ ಇಲ್ಲ ಎಂದರು. ಹೇಳಬೇಕು ಎಂದು ದಿನಾ ನಾಲಗೆ ತುರಿಸುತ್ತದಂತೆ, ಮಗ ಫೋನು ಮಾಡಿದಾಗಲಂತೂ ಬಾಯಿಗೆ ಎಲೆ ಅಡಿಕೆ ತುಂಬಿಸಿಕೊಂಡು ಕುಳಿತುಕೊಳ್ಳುತ್ತಾರಂತೆ. ಆಮೇಲೆ ಸ್ವಲ್ಪ ಬಗ್ಗಿ, ದನಿ ಇಳಿಸಿದರು.

"ಬಿಳಿ ಮಾತ್ರ ಬೇಡ ಅಂತ ಅವಳಿಗೆ ನೀವು ಹೇಳಿ. ನಮ್ಮ ರಸ್ತೆಗೆ ಬಿಳಿ ನಿಲ್ಲುದಿಲ್ಲ, ಎಲ್ಲ ಕೆಂಪು ಆಗ್ತದೆ."

ಆಗಲಿ ಎಂದೆ. ಉಮ್ಮ ಸ್ಟೂಲಿನಿಂದ ಕೆಳಗೆ ಬಿದ್ದ ಸೇವಂತಿಗೆಯೊಂದನ್ನು ಎತ್ತಿ ಬದಿಗಿಟ್ಟರು. ಮತ್ತೆ ತಲೆಯಲ್ಲಾಡಿಸಿದರು.

"ಬೇಡ. ಎಂತ ಹೇಳುದೂ ಬೇಡ. ಅವಳೇ ನೋಡ್ಲಿ. ನನಗೆ ಗೊತ್ತುಂಟು ಅಂತ ಸಹ ಹೇಳ್ಬೇಡಿ."

ಅವಳು ಒಳಗೆ ಓಡಿ ಬಂದಾಗ ಉಮ್ಮ ಪಂಚಕಜ್ಜಾಯದಲ್ಲಿ ಎಳ್ಳು ಕಡಿಮೆಯಾಯಿತು ಎಂದು ನನ್ನ ಗಂಡನಿಗೆ ಪಾಠ ಹೇಳುತ್ತಿದ್ದರು.

ಮುಂದಿನ ಮಳೆಗಾಲದ ಶುರುವಿನಲ್ಲಿ ಕಾರು ಬಂತು. ಉಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಳ್ಯದಿಂದ ಅವಳೇ ಬಿಟ್ಟುಕೊಂಡು ಬಂದು, ಸ್ಕೂಲಿನ ಅಂಗಳದಲ್ಲಿ ಒಂದೇ ಸಲಕ್ಕೆ ರಿವರ್ಸ್ ಹಾಕಿ ನಿಲ್ಲಿಸಿದಳು. ಹಾಲಿನಂಥ ಬಿಳಿ. ಕಿಟಕಿಯವರೆಗೆ ಕೆಂಪು ಕೆಸರು.

ನಾನು ಉಮ್ಮನ ಮುಖ ನೋಡಿದೆ. ಅವರು ನಿಧಾನಕ್ಕೆ ಇಳಿದು, ಕಾರಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟರು. "ಒಳ್ಳೆ ಬಣ್ಣ" ಎಂದರು.

ಅವಳು ಕುಣಿಯುತ್ತಾ ಬಂದು ನನ್ನ ಕಿವಿಯಲ್ಲಿ, "ನೋಡಿದ್ರಾ ಅಕ್ಕ, ಕೊನೆವರೆಗೆ ಒಬ್ಬರಿಗೂ ಗೊತ್ತಾಗ್ಲಿಲ್ಲ" ಎಂದಳು. ಹೌದು ಮಾರಾಯ್ತಿ, ಒಬ್ಬರಿಗೂ ಗೊತ್ತಾಗಲಿಲ್ಲ ಎಂದು ನಾನೂ ಹೇಳಿದೆ. ಆಚೆ ಬದಿಯಲ್ಲಿ ಉಮ್ಮ, ಯಾರೂ ನೋಡುತ್ತಿಲ್ಲ ಎಂದುಕೊಂಡು, ತಲೆಗೆ ಹೊದ್ದ ತಟ್ಟದ ತುದಿಯಿಂದ ಬಾಗಿಲಿನ ಕೆಸರು ಒರೆಸುತ್ತಿದ್ದರು.