ತಿಪ್ಪೆಯ ಮೇಲೆ ಕಾಂಕ್ರೀಟು

ಕಳೆದ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಶುಕ್ರವಾರ. ಸೂಲಿಬೆಲೆ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಹಸು ಕಟ್ಟುವ ಜಾಗಕ್ಕೆ ಕಾಂಕ್ರೀಟು ಹಾಕಿಸುವ ದಿನ. ಆ ಮಳೆಗಾಲದಲ್ಲಿ ಅಮ್ಮ ಹಾಲಿನ ಕ್ಯಾನು ಹಿಡಿದು ಅಲ್ಲಿನ ಕೆಸರಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಇನ್ನೊಂದು ಸಲ ಬೀಳಬಾರದು ಅಂತಲೇ ಈ ಕೆಲಸ.

ನನಗೊಂದು ರೋಗವಿದೆ, ಯಾರನ್ನು ಕಂಡರೂ ಅಣಕಿಸುತ್ತೇನೆ. ನನ್ನನ್ನೂ ಬಿಡುವುದಿಲ್ಲ, ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ರಿಸಲ್ಟ್ ನೋಡುವ ಭಂಗಿ ನನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ? ಮೇಸ್ತ್ರಿ ಮುನಿರಾಜಣ್ಣ ಎಲೆಅಡಿಕೆ ದವಡೆಗೊತ್ತಿ "ಏನೂ ಆಗಲ್ಲ, ನಾನಿಲ್ವಾ" ಅನ್ನುವುದನ್ನು ಬೆಳಗಿನಿಂದ ನಾಲ್ಕು ಸಲ ಮಾಡಿ ತೋರಿಸಿದ್ದೆ. ಕೆಲಸದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಜಾಗದ ಒಂದು ಮೂಲೆಯಲ್ಲಿ ಹಳೇ ತಿಪ್ಪೆಗುಂಡಿಯಿತ್ತು. ಮುಚ್ಚಿ ನಾಲ್ಕೈದು ವರ್ಷವಾಗಿತ್ತು. ಅಷ್ಟರಲ್ಲಿ ಕೊಳೆತು ಗಟ್ಟಿ ಮಣ್ಣಾಗಿರುತ್ತದೆ ಅಂತ ಅಪ್ಪನೂ ಮೇಸ್ತ್ರಿಯೂ ತೀರ್ಮಾನಿಸಿ, ಮೇಲೆ ಕೆಂಪು ಮಣ್ಣು ಎಳೆದು ಸಮ ಮಾಡಿಸಿದ್ದರು. ಅಲ್ಲಿ ಸುಮ್ಮನೆ ಹಾರೆ ಊರಿ ನಿಂತೆ. ಅದು ಮೊಣಕಾಲುದ್ದ ಒಳಗಿಳಿಯಿತು.

ಕೆಳಗೆ ಮೆತ್ತಗಿದೆ, ಹಸು ನಿಂತರೆ ಕಾಂಕ್ರೀಟು ಕುಸಿಯುತ್ತದೆ ಎಂದೆ. ಎಲ್ಲರೂ ನಕ್ಕರು. ಮತ್ತೆ ಹೇಳಿದೆ. "ಈಗ ಇಂಜಿನಿಯರ್ ಆಕ್ಟಿಂಗಾ ಗುರು?" ಎಂದ ಜಲ್ಲಿ ಹೊರುತ್ತಿದ್ದವನು. ಸಿಟ್ಟಿಗೆ ನನ್ನ ದನಿ ಏರಿತು. ಆ ದನಿ ಥೇಟ್ ಅಪ್ಪನ ದನಿಯಂತೆ ಇತ್ತಂತೆ. ಅದಕ್ಕೂ ನಕ್ಕರು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಕಾಂಕ್ರೀಟು ಬೀಳಬೇಕು, ಆಟ ಸಾಕು ಅಂತ ಅಪ್ಪ ಗದರಿದರು. ಮಿಕ್ಸರ್ ತಿರುಗತೊಡಗಿತು.

ನನಗೆ ತಲೆ ಕೆಟ್ಟುಹೋಯಿತು. ಗುದ್ದಲಿ ಎತ್ತಿಕೊಂಡು, ಸಮ ಮಾಡಿದ್ದ ನೆಲವನ್ನೇ ಕಡಿಯತೊಡಗಿದೆ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದರು. ಆಗ ಅಮ್ಮ ಮಣ್ಣು ಹೊರುವ ಮಂಕರಿ ತಂದು ಗುಂಡಿಯ ಪಕ್ಕದಲ್ಲಿಟ್ಟಳು.

"ಬಿಡ್ರೀ ಅವನನ್ನ. ಆಟ ಆಡ್ತಿಲ್ಲ. ಆಟ ಆಡೋವಾಗ ಯಾರು ನಗ್ತಾರೆ ಅಂತ ಎಲ್ಲರ ಮುಖ ನೋಡ್ತಿರ್ತಾನೆ. ಈಗ ಯಾರನ್ನೂ ನೋಡ್ತಿಲ್ಲ."

ಅಪ್ಪ ಕೈ ಬಿಟ್ಟರು. ಆದರೂ ಗಡಿಯಾರ ನೋಡಿಕೊಂಡರು. ಗಟ್ಟಿ ನೆಲವಿದ್ದ ಇನ್ನೊಂದು ಮೂಲೆಯಲ್ಲಿ ಒಂದು ಬಾಂಡ್ಲಿ ಕಾಂಕ್ರೀಟು ಈಗಲೇ ಸುರಿದು ಅರಿಶಿನ ಕುಂಕುಮ ಹಾಕಿಬಿಡಿ, ಕೆಲಸ ಶುರುವಾದಂತೆ, ಉಳಿದದ್ದು ಸಂಜೆ ಆಗಲಿ ಎಂದಳು ಅಮ್ಮ. ಹಾಗೇ ಆಯಿತು.

ಎರಡಡಿ ತೋಡಿದರೂ ಕರೀ ಗೊಬ್ಬರವೇ. ಬೆರಳು ಗಾತ್ರದ ಬಿಳಿ ಹುಳುಗಳು ಹೊರಳಾಡುತ್ತಿದ್ದವು. ಮೇಸ್ತ್ರಿ ಬಗ್ಗಿ ನೋಡಿ, "ಇಷ್ಟು ಮೆತ್ತಗದೆ ಅಂತ ಯಾರೂ ಹೇಳ್ಲೇ ಇಲ್ವಲ್ಲಪ್ಪ" ಎಂದರು. ಗುದ್ದಲಿ ನನ್ನ ಕೈಯಲ್ಲೇ ಇತ್ತು. ದೇವರು ದೊಡ್ಡವನು, ಅದನ್ನು ಕೆಳಗಿಟ್ಟೆ.

ಗೊಬ್ಬರವೆಲ್ಲ ತೆಗೆದು, ದಪ್ಪ ಜಲ್ಲಿ, ಮೊರಂ ಮಣ್ಣು ತುಂಬಿ, ನೀರು ಹಾಕಿ ದಿಮ್ಮಸಿನಿಂದ ಬಡಿದು, ಸಂಜೆ ಕಾಂಕ್ರೀಟು ಹಾಕಿದೆವು. ಈ ವರ್ಷದ ಮಳೆಗೂ ಆ ತಿಪ್ಪೆಯ ಮೂಲೆ ಜಗ್ಗಲಿಲ್ಲ. ಅಮ್ಮ ಕ್ಯಾನು ಹಿಡಿದು ಸರಾಗವಾಗಿ ಓಡಾಡುತ್ತಾಳೆ. ತಿಪ್ಪೆ ತೆಗೆಸಿದ್ದು ತಾನೇ ಅಂತ ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆಯೇ. ಅವತ್ತು ಕೆಳಗೆ ಮೆತ್ತಗಿದೆ ಎಂದಿದ್ದಕ್ಕೆ ಅವರೆಲ್ಲ ಮೊದಲ ಸಲ ನಕ್ಕಾಗ, ಅಮ್ಮನ ಮುರಿದ ಕೈ ನೆನಪಿದ್ದೂ, ಒಂದು ಗಳಿಗೆ ನನಗೆ ಖುಷಿಯಾಗಿತ್ತು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.